ಕಾಸು ಬಂತಾ ಮಗಾ? ನೋಟಿಲ್ಲದ ದಿನಗಳು ಯಾರಿಗೆ ಹಗುರ, ಯಾರಿಗೆ ಭಾರ

ಉಡುಪಿಯ ಮೀನು ಮಾರ್ಕೆಟಿನಲ್ಲಿ ನಾನು ಯಾವಾಗಲೂ ಒಬ್ಬ ಅಕ್ಕನ ಹತ್ತಿರವೇ ಮೀನು ತಗೊಳ್ಳುವುದು. ಅರವತ್ತು ದಾಟಿದ ವಯಸ್ಸು. ಎದುರಿಗೆ ಬಂಗುಡೆ, ಬೂತಾಯಿ, ಕೆಲವು ದಿನ ನಂಗ್. ಪಕ್ಕದಲ್ಲಿ ಪ್ಲಾಸ್ಟಿಕ್ ಹಾಕಿದ ಕ್ಯೂಆರ್ ಹಾಳೆ ದಾರಕ್ಕೆ ನೇತಾಡುತ್ತಿರುತ್ತದೆ. ಮೀನಿನ ನೀರು ಸಿಡಿದು ಸಿಡಿದು ಅದರ ಒಂದು ಮೂಲೆ ಬೆಳ್ಳಗಾಗಿದೆ. ಸ್ಕ್ಯಾನ್ ಮಾಡಿದರೆ ಬರುವ ಹೆಸರು ಅವರದ್ದಲ್ಲ, ಮಗನದ್ದು.

ಇನ್ನೂರು ರೂಪಾಯಿ ಕಳಿಸಿ ನಾನು ಫೋನು ತೋರಿಸುತ್ತೇನೆ. ಅವರು ಅದನ್ನು ನೋಡುವುದಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಟನ್ ಫೋನಿನಲ್ಲಿ ಮಗನಿಗೆ ಕರೆ ಮಾಡುತ್ತಾರೆ. ‘ಕಾಸ್ ಬತ್ತ್‌ಂಡಾ ಮಗಾ?’ ಕಾಸು ಬಂತಾ ಅಂತ. ಮಗ ಗ್ಯಾರೇಜಿನಲ್ಲಿ ಕೆಲಸ ಮಾಡುವವ. ಕೆಲವು ಸಲ ಫೋನು ಎತ್ತುವುದಿಲ್ಲ. ಹಿಂದೆ ಇನ್ನೂ ಮೂರು ಗಿರಾಕಿಗಳು ನಿಂತಿರುತ್ತಾರೆ. ಆಗ ಅವರು, ‘ಆಯ್ತು, ನೀವು ಹೋಗಿ, ಬಂದಿರಬಹುದು’ ಎಂದು ಮೀನಿನ ಕಟ್ಟು ಕೊಟ್ಟುಬಿಡುತ್ತಾರೆ.

ಸಂಜೆ ಮಗ ಮನೆಗೆ ಬಂದಾಗ ಲೆಕ್ಕ ಆಗಬೇಕು. ಮರುದಿನ ಬೆಳಗಿನ ಜಾವ ಮಲ್ಪೆ ಬಂದರಿನಲ್ಲಿ ಮೀನು ತಗೊಳ್ಳುವಾಗ ಅಕ್ಕನ ಕೈಯಲ್ಲಿ ನೋಟು ಬೇಕು. ಐಸಿಗೆ, ಟೆಂಪೋ ಬಾಡಿಗೆಗೆ ಬೇರೆ. ಹಗಲಿಡೀ ದುಡಿದ ದುಡ್ಡು ಇನ್ನೊಬ್ಬರ ಫೋನಿನಲ್ಲಿ ಕೂತಿರುತ್ತದೆ. ಅದನ್ನು ನೋಟು ಮಾಡಿಕೊಡು ಅಂತ ಮಗನನ್ನು ಕೇಳಬೇಕು. ಮಗ ಒಳ್ಳೆಯವನು, ಕೊಡುತ್ತಾನೆ. ಆದರೆ ಮೊದಲು ಕೇಳಬೇಕಾಗಿರಲಿಲ್ಲ, ಸೊಂಟದ ಸಂಚಿಯಲ್ಲೇ ಇರುತ್ತಿತ್ತು.

ಕ್ಯಾಶ್‌ಲೆಸ್ ಒಳ್ಳೆಯದಾ ಕೆಟ್ಟದ್ದಾ ಎಂಬ ಮಾತು ಬಂದಾಗಲೆಲ್ಲ ನನಗೆ ಈ ಅಕ್ಕ ನೆನಪಾಗುತ್ತಾರೆ. ಎಲ್ಲ ಸರಿ ಇದ್ದಾಗ ಫೋನಿನ ದುಡ್ಡು ಎಲ್ಲರಿಗೂ ಸಲೀಸು. ಅದು ಕೈಕೊಟ್ಟಾಗ ಕಾಯುವವರು ಯಾರು, ನಷ್ಟ ಹೊರುವವರು ಯಾರು, ಫೋನು ಇರುವುದು ಯಾರ ಕೈಯಲ್ಲಿ? ಈ ಮೂರು ಪ್ರಶ್ನೆ ಕೇಳದೆ ಲಾಭ ನಷ್ಟ ತೂಗಲು ಹೊರಟರೆ ತಕ್ಕಡಿ ಸರಿ ನಿಲ್ಲುವುದಿಲ್ಲ ಅಂತ ನನ್ನ ಅಭಿಪ್ರಾಯ.

ಮೊದಲು ಲೆಕ್ಕ ನೋಡೋಣ. ಯುಪಿಐಗೆ ಚಾಲನೆ ಸಿಕ್ಕಿದ್ದು 2016ರ ಏಪ್ರಿಲ್‌ನಲ್ಲಿ. ರೂಪಿಸಿದ್ದು ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟು ರದ್ದಾಯಿತು. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಶೇ 86ರಷ್ಟು ಅವೇ ಆಗಿದ್ದವು. ಆಮೇಲಿನ ಕತೆ ಗೊತ್ತೇ ಇದೆ. 2024-25ರಲ್ಲಿ ದೇಶದಲ್ಲಿ ಯುಪಿಐ ಮೂಲಕ ಸುಮಾರು 18,587 ಕೋಟಿ ಸಲ ದುಡ್ಡು ಕೈ ಬದಲಾಯಿಸಿತು. 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿನ ಲೆಕ್ಕ 2,000 ಕೋಟಿ ದಾಟಿತು.

ಹಾಗಾದರೆ ನೋಟು ಕಡಿಮೆಯಾಗಿರಬೇಕು ಅಲ್ವಾ? ಆಗಿಲ್ಲ. ನೋಟು ರದ್ದತಿಗೆ ಮೊದಲು ಚಲಾವಣೆಯಲ್ಲಿದ್ದದ್ದು ಹೆಚ್ಚುಕಡಿಮೆ 18 ಲಕ್ಷ ಕೋಟಿ ರೂಪಾಯಿ. 2025ರ ಮಾರ್ಚ್ ಹೊತ್ತಿಗೆ ಅದು ಸುಮಾರು 37 ಲಕ್ಷ ಕೋಟಿ. ಎರಡು ಪಟ್ಟು! ರದ್ದಾದ ನೋಟಿನಲ್ಲಿ ಶೇ 99ಕ್ಕಿಂತ ಜಾಸ್ತಿ ಬ್ಯಾಂಕಿಗೆ ವಾಪಸ್ ಬಂದಿತ್ತು ಎಂಬುದು ರಿಸರ್ವ್ ಬ್ಯಾಂಕಿನದ್ದೇ ಲೆಕ್ಕ.

ಈ ಎರಡೂ ಒಟ್ಟಿಗೆ ಹೇಗೆ ನಡೆಯಿತು? ನೋಟು ಎರಡು ಕೆಲಸ ಮಾಡುತ್ತದೆ. ಒಂದು, ಅಂಗಡಿಯಲ್ಲಿ ಕೊಡುವುದು. ಇನ್ನೊಂದು, ಕಷ್ಟಕ್ಕೆ ಅಂತ ಎತ್ತಿಡುವುದು. ಮೊದಲ ಕೆಲಸವನ್ನು ಫೋನು ತಗೊಂಡಿತು. ಎರಡನೆಯದ್ದು ಅಕ್ಕಿ ಡಬ್ಬಿಯಲ್ಲಿ, ಕಪಾಟಿನ ಸೀರೆಯ ಮಡಿಕೆಯಲ್ಲಿ ಹಾಗೇ ಉಳಿಯಿತು. ಕೋವಿಡ್ ಬಂದಾಗ ಜನ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ನೋಟು ತೆಗೆದಿಟ್ಟುಕೊಳ್ಳುವುದೇ ಆಗಿತ್ತು. ಲೆಕ್ಕಕ್ಕೆ ಬರದ ದುಡ್ಡೂ ಇದರಲ್ಲಿ ಇರುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಡಬ್ಬಿಯ ಅಡಿಯ ಎರಡು ಸಾವಿರ ಕಪ್ಪು ಹಣ ಅಲ್ಲ. ಅದು ಹೆದರಿಕೆಯ ದುಡ್ಡು.

ಫೋನಿನ ದುಡ್ಡಿನಿಂದ ಆದ ಒಳ್ಳೆಯದನ್ನು ನಾನು ಸಣ್ಣದು ಮಾಡುವುದಿಲ್ಲ. ನಮ್ಮ ಸಿಟಿ ಬಸ್ಸುಗಳಲ್ಲಿ ಚಿಲ್ಲರೆಗಾಗಿ ನಡೆದ ಜಗಳಗಳು ನೆನಪಿದೆಯಾ? ಟಿಕೆಟಿನ ಹಿಂದೆ ‘3’ ಅಂತ ಗೀಚಿ ಕೊಡುತ್ತಿದ್ದರು. ಇಳಿಯುವಾಗ ಕೇಳಲು ಮರೆತರೆ ಹೋಯಿತು. ಈಗ ಬಸ್ ಕಾರ್ಡು, ಸ್ಕ್ಯಾನು ಬಂದ ಮೇಲೆ ಆ ಮೂರು ರೂಪಾಯಿ ಉಳಿಯುತ್ತದೆ. ದಿನಾ ಹೋಗಿ ಬರುವ ಕಾಲೇಜು ಮಕ್ಕಳಿಗೆ ಅದು ಸಣ್ಣ ಮಾತಲ್ಲ.

ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಬೋಟಿನ ಕೆಲಸಕ್ಕೆ ಒಡಿಶಾ, ಜಾರ್ಖಂಡ್, ಆಂಧ್ರದ ಕಡೆಯ ಹುಡುಗರು ಬರುತ್ತಾರೆ. ಮೊದಲು ಊರಿಗೆ ದುಡ್ಡು ಕಳಿಸಬೇಕಾದರೆ ಯಾರಾದರೂ ಊರಿಗೆ ಹೊರಡುವವರೆಗೆ ಕಾಯಬೇಕಿತ್ತು. ಇಲ್ಲವಾದರೆ ಒಂದು ದಿನದ ಕೆಲಸ ಬಿಟ್ಟು ಬ್ಯಾಂಕಿನ ಸಾಲಲ್ಲಿ ನಿಲ್ಲಬೇಕಿತ್ತು. ಈಗ ದಡಕ್ಕೆ ಬಂದು ಸಿಗ್ನಲ್ ಸಿಕ್ಕಿದ ಕೂಡಲೇ ಕಳಿಸುತ್ತಾರೆ. ಅಲ್ಲಿ ತಾಯಿಗೆ ಅದೇ ದಿನ ಮದ್ದು ಬರುತ್ತದೆ. ಇದಕ್ಕಿಂತ ದೊಡ್ಡ ಉಪಕಾರ ಬೇರೆ ಯಾವ ಆ್ಯಪಿನಿಂದ ಆಗಿದೆ?

ನಮ್ಮ ಪಕ್ಕದ ಮನೆಯ ಅಮ್ಮ ಬೀಡಿ ಕಟ್ಟುತ್ತಾರೆ. ಮೊದಲು ಮಜೂರಿ ಕೈಗೆ ಬರುತ್ತಿತ್ತು, ಮನೆ ತಲುಪುವ ಮೊದಲೇ ಅದರ ಮೇಲೆ ಗಂಡನ ಕಣ್ಣು ಬೀಳುತ್ತಿತ್ತು. ಖಾತೆಗೆ ಬರತೊಡಗಿದ ಮೇಲೆ ಎಷ್ಟು ಬಂತು ಅಂತ ಅವರಿಗೆ ಮಾತ್ರ ಗೊತ್ತು. ಮಗಳ ನರ್ಸಿಂಗ್ ಫೀಸು ಅದರಲ್ಲೇ ಕಟ್ಟಿದರು. ಮೀನಿನ ಅಕ್ಕನಿಗೆ ಕೈತಪ್ಪಿದ ಹಿಡಿತ ಬೀಡಿಯ ಅಮ್ಮನಿಗೆ ಸಿಕ್ಕಿತು. ವ್ಯತ್ಯಾಸ ಒಂದೇ, ಖಾತೆ ಯಾರ ಹೆಸರಲ್ಲಿದೆ ಎಂಬುದು.

ಇನ್ನು ಬೀದಿ ವ್ಯಾಪಾರಿಗಳು. 2020ರಲ್ಲಿ ಪಿಎಂ ಸ್ವನಿಧಿ ಯೋಜನೆ ಶುರುವಾದಾಗ ಮೊದಲ ಸಾಲ 10,000 ರೂಪಾಯಿ ಇತ್ತು, ಅಡವಿಡುವುದು ಏನೂ ಬೇಡ. ಡಿಜಿಟಲ್ ಆಗಿ ದುಡ್ಡು ತಗೊಂಡರೆ ಕ್ಯಾಶ್‌ಬ್ಯಾಕೂ ಇಟ್ಟಿದ್ದರು. ಮೀಟರ್ ಬಡ್ಡಿಯವರ ಮನೆ ಬಾಗಿಲಿಗೆ ಹೋಗುತ್ತಿದ್ದವರಿಗೆ ಇದು ಬೇರೆ ದಾರಿ. ನೋಟಿಗೂ ಖರ್ಚಿದೆ ಎಂಬುದನ್ನು ಮರೆಯಬಾರದು. ನೋಟು ಮುದ್ರಣಕ್ಕೆ ರಿಸರ್ವ್ ಬ್ಯಾಂಕ್ 2023-24ರಲ್ಲಿ ಸುಮಾರು 5,100 ಕೋಟಿ ರೂಪಾಯಿ ಖರ್ಚು ಮಾಡಿದೆ.

ಈಗ ಕೈಕೊಡುವ ಹೊತ್ತಿಗೆ ಬರೋಣ.

ನಮ್ಮ ಕಡೆ ಮಳೆಗಾಲ ಅಂದರೆ ಮಳೆಗಾಲವೇ. ಜುಲೈಯಲ್ಲಿ ಒಂದು ಗಾಳಿ ಬೀಸಿದರೆ ಹೆಬ್ರಿ, ಬೆಳ್ತಂಗಡಿಯ ಒಳಗಿನ ಊರುಗಳಲ್ಲಿ ಕಂಬ ಬೀಳುತ್ತದೆ, ಕರೆಂಟು ಹೋಗುತ್ತದೆ. ಟವರಿನ ಬ್ಯಾಟರಿ ಮುಗಿಯುವವರೆಗೆ ಸಿಗ್ನಲ್ ಇರುತ್ತದೆ, ಆಮೇಲೆ ಅದೂ ಇಲ್ಲ. ಘಟ್ಟದ ಬುಡದಲ್ಲಿ ಬೇಸಿಗೆಯಲ್ಲೂ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವ ಜಾಗಗಳಿವೆ. ಅಂಥಲ್ಲಿ ಗೂಡಂಗಡಿಯವನು ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಡುತ್ತಾನೆ. ನೆಟ್‌ವರ್ಕ್ ಇಲ್ಲದ ದಿನ ಆತನೇ ನೆಟ್‌ವರ್ಕ್. ಆದರೆ ಪರಿಚಯ ಇಲ್ಲದ ಊರಿನಲ್ಲಿ ಯಾರು ಬರೆದುಕೊಳ್ಳುತ್ತಾರೆ?

ಊರಿನ ಸಿಗ್ನಲ್ ಚೆನ್ನಾಗಿದ್ದರೂ ವ್ಯವಸ್ಥೆಯೇ ನಿಂತ ದಿನಗಳಿವೆ. 2025ರ ಮಾರ್ಚ್ 26ರಂದು ಒಂದು ಸಲ, ಏಪ್ರಿಲ್ 12ರಂದು ಮತ್ತೊಂದು ಸಲ ದೇಶದ ತುಂಬ ಯುಪಿಐ ಗಂಟೆಗಟ್ಟಲೆ ತೊಂದರೆ ಕೊಟ್ಟಿತು. ಪೆಟ್ರೋಲ್ ಹಾಕಿಸಿಕೊಂಡ ಮೇಲೆ, ಊಟ ಮುಗಿದ ಮೇಲೆ ಜನ ಕಕ್ಕಾಬಿಕ್ಕಿಯಾಗಿ ನಿಂತರು.

ನನಗೇ ಆದದ್ದು ಹೇಳುತ್ತೇನೆ. ಒಂದು ರಾತ್ರಿ ಮದ್ದಿನ ಅಂಗಡಿಯಲ್ಲಿ 860 ರೂಪಾಯಿ ಕಳಿಸಿದೆ. ಖಾತೆಯಿಂದ ಹೋಯಿತು ಅಂತ ಮೆಸೇಜು ಬಂತು. ಅಂಗಡಿಯ ಸ್ಪೀಕರ್ ಸುಮ್ನೆ ಕೂತಿತ್ತು. ‘ನಮಗೆ ಬಂದಿಲ್ಲ’ ಅಂದರು ಅಂಗಡಿಯವರು. ಅವರ ತಪ್ಪೇನಿಲ್ಲ, ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರ ಕಾಟ ಅವರಿಗೂ ಸಾಕಾಗಿದೆ. ಹೊರಗೆ ನನಗಾಗಿ ಕಾಯುತ್ತಿದ್ದ ರಿಕ್ಷಾದವರು ತಮ್ಮ ಅಂಗಿಯ ಜೇಬಿನಿಂದ ಎಂಟೊಂಬತ್ತು ನೂರರ ನೋಟು ಎಣಿಸಿ ಕೊಟ್ಟರು. ‘ಮದ್ದು ತಗೊಳ್ಳಿ ಮಾರಾಯ್ರೆ, ನಾಳೆ ಕೊಡಿ’ ಅಂದರು. ನನ್ನ 860 ವಾಪಸ್ ಬಂದದ್ದು ನಾಲ್ಕನೇ ದಿನ.

ಇದಕ್ಕೆ ನಿಯಮ ಇದೆ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಪ್ರಕಾರ ಅಂಗಡಿಗೆ ಕಟ್ಟಿದ ಯುಪಿಐ ದುಡ್ಡು ಹೀಗೆ ನಡುವೆ ಸಿಕ್ಕಿಕೊಂಡರೆ ಐದು ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನೂ ಬ್ಯಾಂಕ್ ಕೊಡಬೇಕು. ಇದನ್ನು ನೆನಪಿಟ್ಟುಕೊಳ್ಳಿ. ಒಳ್ಳೆಯ ನಿಯಮ. ಆದರೆ ದಿನಗೂಲಿಯವರ ಖಾತೆಯಲ್ಲಿ ಇರುವುದೇ 860 ಆದರೆ ಆ ಐದು ದಿನ ಒಲೆ ಉರಿಯುವುದು ಹೇಗೆ? ನೋಟಿನಲ್ಲಿ ಈ ನಡುವಿನ ಜಾಗವೇ ಇಲ್ಲ. ನನ್ನ ಕೈಯಿಂದ ಹೋದರೆ ನಿಮ್ಮ ಕೈಯಲ್ಲಿ ಇರುತ್ತದೆ, ಇಬ್ಬರಿಗೂ ಕಾಣುತ್ತದೆ.

ಮೋಸದ ವಿಷಯ ಇನ್ನೂ ಕಷ್ಟದ್ದು. ನಮ್ಮ ಜಿಲ್ಲೆಗಳಲ್ಲಿ ದೊಡ್ಡ ಮನೆ, ಅದರಲ್ಲಿ ಇಬ್ಬರೇ ಮುದುಕರು, ಮಕ್ಕಳು ದುಬೈಯಲ್ಲೋ ಬೆಂಗಳೂರಲ್ಲೋ. ಬ್ಯಾಂಕಿನಲ್ಲಿ ನಿವೃತ್ತಿಯ ದುಡ್ಡು. ವಂಚಕರಿಗೆ ಬೇಕಾದದ್ದೂ ಇದೇ. ನಮ್ಮ ರಸ್ತೆಯ ನಿವೃತ್ತ ಟೀಚರೊಬ್ಬರಿಗೆ ಪೊಲೀಸ್ ಡ್ರೆಸ್ಸಿನವನು ವಿಡಿಯೊ ಕರೆ ಮಾಡಿ, ‘ನೀವು ಡಿಜಿಟಲ್ ಅರೆಸ್ಟಿನಲ್ಲಿದ್ದೀರಿ, ಕೋಣೆ ಬಿಟ್ಟು ಹೊರಗೆ ಬರಬೇಡಿ’ ಅಂದಿದ್ದ. ಹಾಲು ತಂದುಕೊಡುವ ಹುಡುಗ ಬಾಗಿಲು ಬಡಿದದ್ದರಿಂದ ಅವರು ಬಚಾವಾದರು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಮನೆಯ ಹಿರಿಯರಿಗೆ ಇವತ್ತೇ ಇದನ್ನು ಹೇಳಿ. ದುಡ್ಡು ಬರಲಿಕ್ಕೆ ಪಿನ್ ಬೇಡ, ಹೋಗಲಿಕ್ಕೆ ಮಾತ್ರ ಬೇಕು ಎಂಬುದನ್ನೂ ಹೇಳಿ. ಮೋಸ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಯಾರ ತಪ್ಪಿಗೆ ಯಾರು ಹೊಣೆ ಎಂಬುದಕ್ಕೆ 2017ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ನಮ್ಮದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಮೂರನೆಯವರು ಖಾತೆಯಿಂದ ದುಡ್ಡು ಎಳೆದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ಆದರೆ ಹೆದರಿಸಿ, ಮರುಳು ಮಾಡಿ ನಮ್ಮ ಕೈಯಿಂದಲೇ ಪಿನ್ ಒತ್ತಿಸಿದರೆ ‘ನೀವೇ ಕಳಿಸಿದ್ದಲ್ವಾ’ ಅನ್ನುತ್ತಾರೆ. ಈಗಿನ ಮೋಸಗಳಲ್ಲಿ ಬಹಳಷ್ಟು ಇದೇ ಬಗೆಯವು. ನಿಯಮದ ತೂತು ಇರುವುದು ಸರಿಯಾಗಿ ಜನ ಬೀಳುವ ಜಾಗದಲ್ಲಿ. ಇಲ್ಲಿ ಬ್ಯಾಂಕುಗಳೂ ಪಾಲು ಹೊರಬೇಕು. ಎಪ್ಪತ್ತು ವರ್ಷದವರ ಖಾತೆಯಿಂದ ಒಂದೇ ಮಧ್ಯಾಹ್ನ ಜೀವಮಾನದ ಉಳಿತಾಯ ಗುರುತಿಲ್ಲದ ಖಾತೆಗೆ ಹೋಗುವಾಗ ತಡೆದು ಕೇಳುವ ಕೆಲಸ ಯಂತ್ರಕ್ಕೆ ಕಷ್ಟವೇನಲ್ಲ.

2025ರ ಜುಲೈಯಲ್ಲಿ ಇನ್ನೊಂದು ಹೆದರಿಕೆ ಬಂತು. ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ, ಸೇವೆ 20 ಲಕ್ಷ ದಾಟಿದರೆ ನೋಂದಣಿ ಬೇಕು, ಅದು ಕಾನೂನು. ಆದರೆ ಚಾ ಅಂಗಡಿಯವನ ಒಂದೇ ನಂಬರಿಗೆ ಗಿರಾಕಿಯ ದುಡ್ಡೂ, ಭಾವನ ಕೈಸಾಲವೂ, ಚೀಟಿ ದುಡ್ಡೂ ಬರುತ್ತದೆ. ಎಲ್ಲವನ್ನೂ ಕೂಡಿಸಿದರೆ ಅದು ವ್ಯಾಪಾರ ಆಗುವುದಿಲ್ಲ. ತೆರಿಗೆ ಇಲ್ಲದ ತರಕಾರಿ ಮಾರುವವರಿಗೂ ನೋಟಿಸ್ ಹೋಯಿತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕಿತ್ತು, ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಬರೆದು ಅಂಟಿಸಿದರು. ಕೊನೆಗೆ ಮುಖ್ಯಮಂತ್ರಿಗಳು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಹೇಳಬೇಕಾಯಿತು. ತೆರಿಗೆ ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಸ್ಕ್ಯಾನ್ ಹಾಕಿ, ಹಾಕಿ’ ಅಂತ ಒತ್ತಾಯ ಮಾಡಿದ ದಿನವೇ ಈ ಲೆಕ್ಕವನ್ನೂ ಕೂತು ವಿವರಿಸಿದ್ದರೆ ಆ ನಂಬಿಕೆ ಒಡೆಯುತ್ತಿರಲಿಲ್ಲ.

ನೋಟು ಉಳಿಯಬೇಕು ಅಂತ ನಾನು ಹೇಳುವುದಕ್ಕೆ ದೊಡ್ಡ ಕಾರಣ ಇದು. ಯುಪಿಐ ಈಗ ಅಂಗಡಿಯವರಿಗೆ ಪುಕ್ಕಟೆ. 2020ರ ಜನವರಿಯಿಂದ ಅವರಿಂದ ಕಮಿಷನ್ ತಗೊಳ್ಳುವಂತಿಲ್ಲ. ಹಾಗಂತ ಖರ್ಚೇ ಇಲ್ಲವೆಂದಲ್ಲ. ಸಣ್ಣ ಮೊತ್ತದ ವ್ಯವಹಾರಗಳಿಗೆ ಅಂತ 2024-25ಕ್ಕೆ ಕೇಂದ್ರ ಸರ್ಕಾರ 1,500 ಕೋಟಿ ರೂಪಾಯಿ ಪ್ರೋತ್ಸಾಹಧನ ಇಟ್ಟಿತು. ಅಂದರೆ ನಮ್ಮದೇ ದುಡ್ಡು. ವ್ಯವಹಾರಗಳಲ್ಲಿ ಸುಮಾರು ಶೇ 80ರಷ್ಟು ನಡೆಯುವುದು ಫೋನ್‌ಪೇ, ಗೂಗಲ್ ಪೇ ಎಂಬ ಎರಡೇ ಆ್ಯಪುಗಳಲ್ಲಿ. ಯಾವುದೇ ಆ್ಯಪು ಶೇ 30 ದಾಟಬಾರದು ಎಂಬ ಎನ್‌ಪಿಸಿಐ ನಿಯಮದ ಗಡುವು ಮುಂದೆ ಹೋಗುತ್ತಾ 2026ರ ಕೊನೆಗೆ ಬಂದು ನಿಂತಿತು. ಮುಂದೆ ಯಾವತ್ತಾದರೂ ಕಮಿಷನ್ ಬಂದರೆ, ‘ಹಾಗಾದರೆ ನೋಟೇ ಕೊಡಿ’ ಎಂದು ಹೇಳುವ ದಾರಿ ಮೀನಿನ ಅಕ್ಕನಿಗೆ ಇರಬೇಕು. ಕೈಯಲ್ಲಿ ನೋಟು ಓಡಾಡುತ್ತಿರುವಷ್ಟು ದಿನ ಮಾತ್ರ ಆ ಮಾತಿಗೆ ಬಲ.

ಹೊರದೇಶದ ಒಂದು ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯುರೋಪಿನಲ್ಲಿ ಮೊದಲು ಬ್ಯಾಂಕ್ ನೋಟು ಹೊರಟದ್ದು ಸ್ವೀಡನ್ನಿನಲ್ಲಿ, 1661ರಲ್ಲಿ. ನೋಟನ್ನು ಎಲ್ಲರಿಗಿಂತ ಮುಂಚೆ ಬಿಡಲು ಹೊರಟದ್ದೂ ಅದೇ ದೇಶ. ಈಗ ಅಲ್ಲಿನ ಸರ್ಕಾರ ಮನೆಮನೆಗೆ ಕಿರುಪುಸ್ತಕ ಕಳಿಸಿ, ಯುದ್ಧವೋ ವಿಪತ್ತೋ ಬಂದರೆ ಬೇಕಾಗುತ್ತದೆ, ಸ್ವಲ್ಪ ನಗದು ಇಟ್ಟುಕೊಳ್ಳಿ ಅನ್ನುತ್ತಿದೆ. ಪಕ್ಕದ ನಾರ್ವೆ 2024ರ ಅಕ್ಟೋಬರ್‌ನಿಂದ ಅಂಗಡಿಯಲ್ಲಿ ನಗದು ಕೊಡುವ ಗಿರಾಕಿಯ ಹಕ್ಕನ್ನು ಕಾನೂನಿನಲ್ಲಿ ಬಿಗಿ ಮಾಡಿತು. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ನಲ್ಲಿ ದೇಶಕ್ಕೆ ದೇಶವೇ ಕರೆಂಟು ಹೋದಾಗ ಕಾರ್ಡು ಸತ್ತಿತು, ಕೈಯಲ್ಲಿ ನೋಟಿದ್ದವರು ಬ್ರೆಡ್ಡು ತಗೊಂಡರು.

ನಮಗೂ ಅಂಥ ಸ್ಪಷ್ಟ ನಿಯಮ ಬೇಕು. ಬಸ್ಸು, ಮದ್ದಿನ ಅಂಗಡಿ, ಆಸ್ಪತ್ರೆ, ಶಾಲೆಯ ಫೀಸು, ಸರ್ಕಾರಿ ಕೌಂಟರು, ಈ ಕಡೆಗಳಲ್ಲಿ ‘ಕ್ಯಾಶ್ ತಗೊಳ್ಳುವುದಿಲ್ಲ’ ಎಂಬ ಬೋರ್ಡು ಇರಬಾರದು. ಇನ್ನೊಂದು, ಎಟಿಎಂ. ಉಚಿತದ ಲೆಕ್ಕ ಮುಗಿದ ಮೇಲೆ ಪ್ರತಿ ಸಲಕ್ಕೆ 23 ರೂಪಾಯಿಯವರೆಗೆ ಹಾಕಬಹುದು ಎಂದು 2025ರ ಮೇಯಿಂದ ಆಗಿದೆ. ಐನೂರು ತೆಗೆಯುವವರಿಗೆ ಅದು ಒಂದು ಹೊತ್ತಿನ ಹಾಲು. ಬೀಡಿ ಕಟ್ಟಿ, ಮೀನು ಕೊಯ್ದು ಸವೆದ ಹೆಬ್ಬೆರಳು, ಬೆರಳೊತ್ತಿ ದುಡ್ಡು ತೆಗೆಯುವ ಆಧಾರ್ ಯಂತ್ರದಲ್ಲಿ ಮೂಡುವುದಿಲ್ಲ ಎಂಬುದೂ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕಷ್ಟ.

ಇದಕ್ಕೆಲ್ಲ ದಾರಿ ನಮ್ಮ ಊರಿನಲ್ಲೇ ಒಮ್ಮೆ ಸಿಕ್ಕಿತ್ತು. ಐದು ಬ್ಯಾಂಕು ಹುಟ್ಟಿದ ಕರಾವಳಿ ಇದು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಮಂಗಳೂರಿನಲ್ಲಿ ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇದರಲ್ಲಿ ಮೂರರ ಹೆಸರು ವಿಲೀನದಲ್ಲಿ ಹೋಯಿತು, ಆ ನೋವು ಇಲ್ಲಿ ಇನ್ನೂ ಇದೆ. ನೇಕಾರರಿಗೆ ಆಸರೆಯಾಗಲಿ ಅಂತ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ ಕಟ್ಟಿದ್ದು ಸಿಂಡಿಕೇಟ್ ಬ್ಯಾಂಕು. 1928ರಲ್ಲಿ ಅದು ಪಿಗ್ಮಿ ಎಂಬ ದಿನದಿನದ ಉಳಿತಾಯ ಶುರುಮಾಡಿತು. ದಿನಕ್ಕೆ ಎರಡಾಣೆ ಸಾಕು. ಬ್ಯಾಂಕಿಗೆ ನೀವು ಹೋಗಬೇಡಿ, ಏಜೆಂಟೇ ನಿಮ್ಮ ಬಾಗಿಲಿಗೆ ಬರುತ್ತಾರೆ. ಓದು ಬರಹ ಬಾರದವರ ಕೈಗೂ ಪಾಸ್‌ಪುಸ್ತಕ ಬಂದದ್ದು ಹೀಗೆ. ಹೊಸ ವ್ಯವಸ್ಥೆಯ ಜೊತೆಗೆ ಗುರುತಿನ ಒಬ್ಬ ಮನುಷ್ಯನೂ ಬರುತ್ತಿದ್ದ. ಲೆಕ್ಕ ತಪ್ಪಿದರೆ ಅವನನ್ನೇ ನಿಲ್ಲಿಸಿ ಕೇಳಬಹುದಿತ್ತು. ಯುಪಿಐ ಬರುವಾಗ ಅಂಥವರು ಯಾರೂ ಜೊತೆಗೆ ಬರಲಿಲ್ಲ. ಕಸ್ಟಮರ್ ಕೇರ್ ನಂಬರ್ ಹುಡುಕಿದರೂ ಅದರಲ್ಲೂ ಕಳ್ಳರ ನಂಬರ್ ಸಿಗುವ ಕಾಲ.

ಕಳೆದ ತಿಂಗಳು ಅಕ್ಕನನ್ನು ಕೇಳಿದೆ, ‘ನಿಮ್ಮ ಹೆಸರಿನಲ್ಲೇ ಕ್ಯೂಆರ್ ಮಾಡಿಸುವ, ಆಗದಾ? ಕನ್ನಡದಲ್ಲಿ ಹೇಳುವ ಸ್ಪೀಕರ್ ಇಟ್ಟುಕೊಳ್ಳಬಹುದು. ಬಟನ್ ಫೋನಿಗೂ ಯುಪಿಐ ಉಂಟು.’ ಬಟನ್ ಫೋನಿನ ಸೌಲಭ್ಯ 2022ರಲ್ಲೇ ಬಂದಿದೆ, ಹೇಳಿಕೊಡುವವರು ಇಲ್ಲ ಅಷ್ಟೇ. ಅವರು ಸಂಚಿ ಬಿಚ್ಚಿ ಆಧಾರ್ ಕಾರ್ಡು ತೋರಿಸಿದರು. ವಿಚಾರಿಸಿದರೆ ಆಧಾರಿಗೆ ಇರುವುದೂ ಮಗನ ನಂಬರ್. ಬ್ಯಾಂಕ್ ಖಾತೆಗೂ ಅದೇ. ಮೊದಲು ಅದನ್ನು ಬದಲಾಯಿಸಬೇಕು, ಅದಕ್ಕೆ ಒಂದು ದಿನದ ಮೀನು ಬಿಡಬೇಕು. ‘ಮಳೆಗಾಲದಲ್ಲಿ ಬೋಟು ನಿಲ್ತದಲ್ಲ, ಆಗ ಹೋಗುವ’ ಅಂದರು. ಜೂನ್, ಜುಲೈಯಲ್ಲಿ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ನಾನೂ ಜೊತೆಗೆ ಬರುತ್ತೇನೆ ಅಂತ ಹೇಳಿದ್ದೇನೆ.

ನಾವು ಮಾತಾಡುತ್ತಿರುವಾಗಲೇ ಪಿಗ್ಮಿಯವರು ಬಂದರು. ಕುತ್ತಿಗೆಗೆ ಬ್ಯಾಗು, ಕೈಯಲ್ಲಿ ಸಣ್ಣ ಮೆಷೀನು. ಅಕ್ಕ ಸಂಚಿಯಿಂದ ಹತ್ತರ, ಇಪ್ಪತ್ತರ ನೋಟು ತೆಗೆದು ನೂರು ಎಣಿಸಿದರು. ಅವರು ಮತ್ತೊಮ್ಮೆ ಎಣಿಸಿ, ಮೆಷೀನಿನಲ್ಲಿ ಒತ್ತಿ ಚೀಟಿ ಹರಿದು ಕೊಟ್ಟರು. ಈವರೆಗೆ ಒಟ್ಟು ಎಷ್ಟಾಯಿತು ಅಂತ ಬಾಯಲ್ಲೂ ಹೇಳಿದರು. ಅಕ್ಕ ತಲೆಯಾಡಿಸಿ, ಚೀಟಿಯನ್ನು ಎಲೆ ಅಡಿಕೆಯ ಜೊತೆ ಮಡಚಿಟ್ಟರು. ಅಷ್ಟರಲ್ಲಿ ಬಟನ್ ಫೋನು ಹೊಡೆಯಿತು. ಬೆಳಿಗ್ಗೆ ಯಾರೋ ಕಳಿಸಿದ 350 ರೂಪಾಯಿ ಬಂದಿದೆ ಅಂತ ಮಗ ಹೇಳುತ್ತಿದ್ದ.